ಸ್ಕೂಟರಿನ ಮೇಲಿನ ವಸ್ತಾದ

ಚೋರ್ಲಾ ಘಾಟಿಯನ್ನಿಳಿದು ಗೋವೆಯ ಸಾಂಖಳಿಯಲ್ಲಿ ನೆಲೆನಿಂತ ಬೆಳಗಾವಿ ಸೀಮೆಯ ಕನ್ನಡಿಗರಲ್ಲಿ ಗೌಂಡಿಗಳುಂಟು, ಕಾಯಿಪಲ್ಲೆ ಮಾರುವವರುಂಟು, ಲಾರಿ ನಡೆಸುವವರುಂಟು. ಇವರೆಲ್ಲರ ನಡುವೆ ಈಚೆಗೆ ನವೀನ ವೃತ್ತಿಯವನೊಬ್ಬನೂ ಉದಯಿಸಿದ್ದಾನೆ. ಭುಜದ ಗಾತ್ರಕ್ಕೆ ಸೋತು ಅಂಗಿಯ ತೋಳು ಇನ್ನೇನು ಬಿರಿಯುವುದೆಂಬಂತಿರುವ, ಹೆಜ್ಜೆಯನ್ನೂ ನಾಡಿಯನ್ನೂ ನಿದ್ರೆಯನ್ನೂ ಏಕಕಾಲದಲ್ಲಿ ಗಣಿಸಬಲ್ಲ ಗಡಿಯಾರವನ್ನು ಮಣಿಕಟ್ಟಿನಲ್ಲಿ ಧರಿಸಿರುವ, ಆದರೆ ಹೇಳಿದ ಹೊತ್ತಿಗೆ ಯಾರ ಮನೆಯನ್ನೂ ಮುಟ್ಟಿದ ದಾಖಲೆಯಿಲ್ಲದ ಈ ಮಹನೀಯನನ್ನು ಊರೆಲ್ಲ ‘ಸರ್’ ಎನ್ನುತ್ತದೆ, ಕನ್ನಡಿಗರು ‘ಸರ’ ಎನ್ನುತ್ತಾರೆ. ಪರ್ಸನಲ್ ಟ್ರೇನರ್ ಎಂಬುದು ಆತನ ಸ್ಕೂಟರಿನ ಮುಂಭಾಗದಲ್ಲಿ ಅಂಟಿಸಿರುವ ಬಿರುದು.

ನಮ್ಮ ಗರಡಿಯ ವಸ್ತಾದನಿಗೆ ಕಾಲನಿರ್ವಹಣೆಯೆಂಬ ಕ್ಲೇಶವೇ ಇರಲಿಲ್ಲ. ಆತನು ಕೆಮ್ಮಣ್ಣಿನ ಅಂಚಿನಲ್ಲಿ ಕುಳಿತಿರುತ್ತಿದ್ದನು; ಕೋಳಿ ಕೂಗುವ ಮುನ್ನ ಬಂದವನಿಗೆ ಕುಸ್ತಿಯ ಪಟ್ಟು, ತಡಮಾಡಿ ಬಂದವನಿಗೆ ಮೊದಲು ಬೈಗುಳ, ಅನಂತರ ಇಮ್ಮಡಿ ಬಸ್ಕಿ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರಾದರೋ, ‘ಶಾಂತಲಾ’ ಕಾದಂಬರಿಯನ್ನು ಬರೆದ ಕೈಯಿಂದಲೇ ದೂರದ ಶಿಷ್ಯರಿಗೆ ಅಂಚೆಯ ಮೂಲಕ ವ್ಯಾಯಾಮದ ಪಾಠಗಳನ್ನು ಕಳುಹಿಸಿ, ಶಿಷ್ಯನು ಬೆವರುವಾಗ ಗುರುವು ಎದುರಿಗಿರಬೇಕೆಂಬ ಕಟ್ಟಳೆಯನ್ನೇ ಸಡಿಲಿಸಿದರು. ನಮ್ಮ ಸರನ ಪಾಡು ಇವೆರಡೂ ಅಲ್ಲ. ಇಲ್ಲಿ ಶಿಷ್ಯರು ಸ್ವಗೃಹದಲ್ಲಿ ಆಸೀನರಾಗಿರುತ್ತಾರೆ. ಗುರುವೇ ಡಂಬೆಲ್ಲುಗಳನ್ನು ಕಾಲ ಬಳಿ ಇಟ್ಟುಕೊಂಡು ವಾಳವಂಟಿ ನದಿಯ ಸೇತುವೆಯನ್ನು ಬೆಳಗಿನಲ್ಲಿ ಅದೆಷ್ಟು ಸಲ ದಾಟುತ್ತಾನೋ ಆ ಗಡಿಯಾರವೇ ಬಲ್ಲದು.

ಬೆಳಗಿನ ಐದರಿಂದ ಒಂಬತ್ತರವರೆಗೆ ಮತ್ತು ಸಂಜೆಯ ಐದರಿಂದ ಒಂಬತ್ತರವರೆಗೆ ಊರಿನ ಸಮಸ್ತ ಬೊಜ್ಜೂ ಒಟ್ಟಿಗೇ ಎಚ್ಚರಗೊಂಡು ಆತನನ್ನು ಕರೆಯುತ್ತದೆ. ನಡುಹಗಲಿನಲ್ಲಿ ಅಂಗಡಿಗಳು ಕದವಿಕ್ಕಿ, ಗೋವೆಯು ಪರಂಪರಾಗತವಾದ ನಿದ್ರೆಗೆ ಜಾರಿದಾಗ, ಆತನೊಬ್ಬನೇ ಮಾಡಲು ಕೆಲಸವಿಲ್ಲದೆ, ಮಲಗಲು ಮನಸ್ಸಿಲ್ಲದೆ, ಕಿರಿಯ ಟ್ರೇನರುಗಳನ್ನು ಚಹದಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡು ಕಾಲನಿರ್ವಹಣೆಯ ಉಪದೇಶ ಮಾಡುತ್ತಾನೆ. “ಒಂದ ಓಣ್ಯಾಗಿನ ಮಂದೀನ್ನ ಒಂದ ಹೊತ್ತಿಗೆ ಹಿಡೀರಿ. ಇಬ್ಬರ ನಡುವ ಕಾಲು ತಾಸು ಖಾಲಿ ಬಿಡ್ರಿ. ರೊಕ್ಕ ತಿಂಗಳ ಮೊದಲ ತಗೋರಿ. ಹಿಂದಿನ ರಾತ್ರಿ ಹೇಳದ ತಪ್ಪಿಸಿದ್ರ ಆ ದಿನಾನೂ ಲೆಕ್ಕಕ್ಕ ಹಿಡೀರಿ.” ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಒಂದನ್ನಾದರೂ ತಾನು ಪಾಲಿಸಿದ್ದರೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿತ್ತೋ ಇಲ್ಲವೋ, ನನಗೆ ಅನುಮಾನ.

ಆತನ ದಿನವನ್ನು ಕೆಡಿಸುವುದು ವ್ಯಾಯಾಮವಲ್ಲ, ವಿರಾಮ. ಭಾರವನ್ನೆತ್ತಿದ ಸ್ನಾಯುವು ಚೇತರಿಸಿಕೊಳ್ಳಲು ಎರಡು ಮೂರು ನಿಮಿಷ ಬಿಡಬೇಕೆಂಬುದು ಶಾಸ್ತ್ರಸಮ್ಮತವಾದ ಮಾತು. ಬೆಳಗಿನ ಎರಡನೆಯ ಶಿಷ್ಯನು ಹಿಂದೆ ಅದಿರು ಸಾಗಿಸುವ ಲಾರಿಗಳ ಮಾಲೀಕನಾಗಿದ್ದು, ಲಾರಿಗಳು ನಿಂತ ಮೇಲೆ ಹೊಟ್ಟೆ ಮುಂದೆ ಸಾಗಿದವನು. ಮೊದಲನೆಯ ವಿರಾಮದಲ್ಲಿ 2012ನೆಯ ಇಸವಿ ಬಂದು ಗಣಿಗಳೆಲ್ಲ ಮುಚ್ಚುತ್ತವೆ. ಎರಡನೆಯದರಲ್ಲಿ 2014ರ ತೀರ್ಪಿನಿಂದ ಆಸೆ ಚಿಗುರುತ್ತದೆ. ಮೂರನೆಯದರಲ್ಲಿ 2018 ಕಾಲಿಟ್ಟು, ಸುಪ್ರೀಂ ಕೋರ್ಟು 88 ಗುತ್ತಿಗೆಗಳನ್ನು ರದ್ದುಗೊಳಿಸುವ ಹೊತ್ತಿಗೆ ಶಿಷ್ಯನ ಕಣ್ಣು ತೇವಗೊಂಡು, ಅಂಥ ಘಳಿಗೆಯಲ್ಲಿ “ಇನ್ನೊಂದ ಹತ್ತ ಹೊಡೀರಿ” ಎನ್ನುವ ಕಾಠಿಣ್ಯವು ಸರನ ಎದೆಯಲ್ಲಿ, ಅದು ಎಷ್ಟೇ ಅಗಲವಾಗಿರಲಿ, ಹುಟ್ಟುವುದಿಲ್ಲ. ಈ ವೃತ್ತಾಂತವನ್ನು ಕೇಳಲು ಮನೆಯಲ್ಲಿ ಯಾರೂ ಉಳಿದಿಲ್ಲವಾದ್ದರಿಂದಲೇ ಈ ಶಿಷ್ಯನು ತಿಂಗಳ ಶುಲ್ಕ ತೆರುತ್ತಿರುವನೆಂದು ನನ್ನ ಗುಮಾನಿ.

ಮೂರನೆಯ ಮನೆಯದು ಬೇರೆ ಬಗೆ. ಪಾವು ಮಾರುವ ಪೊದೇರನ ಸೈಕಲ್ಲಿನ ಹಾರ್ನು ಕೇಳಿಸುವ ಹೊತ್ತಿಗೆ ಗೇಟಿನ ಬಳಿ ನಿಂತು ಸರನು ಫೋನು ತೆರೆದರೆ, “ಇಂದು ಬೇಡ ಸರ್, ರಾತ್ರಿ ತಡವಾಯಿತು” ಎಂಬ ಸಂದೇಶವು ಅದೇ ಮನೆಯ ಮಹಡಿಯಿಂದ ಆಗತಾನೇ ಬಂದಿರುತ್ತದೆ. ಚೌತಿಯ ದಿನಗಳಲ್ಲಂತೂ ಸಂದೇಶವೂ ಇಲ್ಲ, ನೇವರಿಯೆಂಬ ಕರಿದ ಕಡುಬೇ ಉತ್ತರ. ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ 150 ನಿಮಿಷವಾದರೂ ಮಧ್ಯಮ ಪ್ರಮಾಣದ ಶ್ರಮ ಬೇಕೆಂದು ಹೇಳಿರುವುದನ್ನು ಆತನು ಶ್ರದ್ಧೆಯಿಂದ ನೆನಪಿಸಿದರೆ, ಮೀನಿನ ಮಾರುಕಟ್ಟೆಗೆ ಹೋಗಿಬಂದ ನಡಿಗೆಯನ್ನು ಶಿಷ್ಯನು ಅದಕ್ಕೆ ಜಮೆ ಮಾಡಿಸುತ್ತಾನೆ. ತಪ್ಪಿದ ದಿನದ ಹಣವನ್ನು ಕೇಳೋಣವೆಂದರೆ ಆ ಮನೆಯ ತಾಯಿ ಬಿಸಿ ಚಹ ತಂದು ಕೊಟ್ಟುಬಿಡುತ್ತಾರೆ. ಕುಡಿದವನಿಗೆ ಬಾಯಿ ಏಳುವುದುಂಟೇ!

ಹೀಗೆ ಪ್ರತಿಯೊಂದು ಮನೆಯಲ್ಲಿಯೂ ಸಂಗ್ರಹವಾದ ವಿಳಂಬವೆಲ್ಲ ಕಡೆಗೆ ಸಲ್ಲುತ್ತಿದ್ದುದು, ಧಾರವಾಡದಿಂದ ಬಂದು ಮಗನ ಮನೆಯಲ್ಲಿರುವ ನಿವೃತ್ತ ಗಣಿತದ ಮಾಸ್ತರರಿಗೆ. ಮೊಣಕಾಲಿನ ನೋವಿಗೆಂದು ವ್ಯಾಯಾಮ ಹಿಡಿದ ಆ ವೃದ್ಧರು ಒಂದು ದಿನವೂ ಗೊಣಗಿದವರಲ್ಲ. ತಿಂಗಳು ತುಂಬಿದ ದಿನ ಚೌಕಳಿಯ ನೋಟುಬುಕ್ಕೊಂದನ್ನು ತೆರೆದು ಮುಂದಿಟ್ಟರು: ತಾರೀಖು, ಬರತಕ್ಕ ವೇಳೆ, ಬಂದ ವೇಳೆ, ವ್ಯತ್ಯಾಸ, ಕೆಳಗೆ ಕೆಂಪು ಶಾಯಿಯಲ್ಲಿ ಮೊತ್ತ, ಅದರ ಪ್ರಕಾರ ಶುಲ್ಕದಲ್ಲಿ ಕಡಿತ.

“ಕೂಡ್ಸಿ ನೋಡಪಾ, ತಪ್ಪಿದ್ರ ಹೇಳು,” ಎಂದರು.

ಸರನು ಬೆರಳಿಟ್ಟು ಸಾಲು ಸಾಲಾಗಿ ಕೂಡಿಸಿ, ದಶಕ ಹಿಡಿಯುವಲ್ಲಿ ಎರಡು ಬಾರಿ ಎಡವಿ, ಕಡೆಗೆ ಮಣಿಕಟ್ಟಿನ ಗಡಿಯಾರವನ್ನು ನೋಡಿಕೊಂಡು, ವಿನಯದಿಂದಲೇ ಕೇಳಿದನು: “ಲೆಕ್ಕ ಬರೋಬ್ಬರಿ ಐತ್ರಿ ಮಾಸ್ತರ. ಆದ್ರ ಇದನ್ನ ಕೂಡ್ಸೂದ್ರಾಗ ಹನ್ನೊಂದ ನಿಮಿಷ ಹೋತಲ್ರಿ, ಅವನ್ನ ಯಾರ ಖಾತೆಕ್ಕ ಬರೀಲಿ?”