ಹಳೆಯ ಫಾಂಟಿನ ಕಡತ ನಿಮ್ಮ ಹತ್ತಿರ ಇದೆಯೇ?

(ಇಂಟರ್ನೆಟ್ಟಿನ ಮೊದಲ ವರ್ಷಗಳಲ್ಲಿ ಕನ್ನಡ ಜಾಲತಾಣ ನಡೆಸಿದ ಸಂಪಾದಕರಿಗೂ ಮಾಲೀಕರಿಗೂ ಒಂದು ಬಹಿರಂಗ ಪತ್ರ)

ಮಾನ್ಯರೇ,

ಹೋದ ತಿಂಗಳು ನಮ್ಮ ಕನ್ನಡ ಮೇಷ್ಟ್ರ ಬಗ್ಗೆ ಬಂದಿದ್ದ ಒಂದು ಲೇಖನಕ್ಕಾಗಿ ಹುಡುಕುತ್ತಿದ್ದೆ. 2002ರಲ್ಲಿ ಅವರು ತೀರಿಕೊಂಡಾಗ ಹಳೆಯ ವಿದ್ಯಾರ್ಥಿಯೊಬ್ಬರು ಬರೆದದ್ದು. ಅಚ್ಚಾಗಿರಲಿಲ್ಲ, ಒಂದು ಜಾಲತಾಣದಲ್ಲಿ ಮಾತ್ರ ಬಂದಿತ್ತು. ಆ ತಾಣ ಮುಚ್ಚಿ ಎಷ್ಟೋ ವರ್ಷಗಳಾದವು. ವಿಳಾಸವನ್ನು ಆಗಲೇ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದನ್ನು ಹಳೆಯ ಜಾಲಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನಿಗೆ ಕೊಟ್ಟು ಕಾದೆ. ಪುಟ ಸಿಕ್ಕಿತು. ಮೇಷ್ಟ್ರ ಫೋಟೊ ಇದ್ದ ಕಡೆ ಖಾಲಿ ಚೌಕ, ಅದರ ಕೆಳಗೆ ಲೇಖನ ಪೂರ್ತಿ ಇತ್ತು. ಆದರೆ ಅದರಲ್ಲಿ ಒಂದಕ್ಷರವೂ ಕನ್ನಡವಿರಲಿಲ್ಲ.

ಶೀರ್ಷಿಕೆಯಲ್ಲಿ ‘ಕನ್ನಡ’ ಎಂಬ ಪದವಿತ್ತೆಂದು ನೆನಪು. ಆ ಜಾಗದಲ್ಲಿ ಈಗ ಏಳು ಗುರುತುಗಳಿವೆ. ಮೊದಲು ಇಂಗ್ಲಿಷಿನ ದೊಡ್ಡ ಪಿ. ಆಮೇಲೆ ನೆತ್ತಿಯ ಮೇಲೆ ಓರೆ ಗೀಟಿರುವ ಎ. ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ. ಜರ್ಮನರು ಎರಡು ಎಸ್‌ಗೆ ಬದಲಾಗಿ ಬರೆಯುವ ಅಕ್ಷರ, ಒಂದು ಸಣ್ಣ ಕ್ಯು, ಕೊನೆಗೆ ಇನ್ನೊಮ್ಮೆ ಎ. ನುಡಿ, ಬರಹ ತಂತ್ರಾಂಶಗಳಲ್ಲಿ ಕೆಲಸ ಮಾಡಿದವರಿಗೆ ಈ ಸಾಲು ಕಂಠಪಾಠ. ಪಿ ಅಂದರೆ ‘ಕ’ದ ಒಡಲು, ಗೀಟಿನ ಎ ಅಂದರೆ ತಲೆಕಟ್ಟು. ಪೌಂಡು ‘ನ’, ಜರ್ಮನ್ ಅಕ್ಷರ ಅದರ ಒತ್ತು, ಕ್ಯು ‘ಡ’. ಕಂಪ್ಯೂಟರಿಗೆ ಕನ್ನಡ ಬರದ ಕಾಲದಲ್ಲಿ ಯುರೋಪಿನ ಅಕ್ಷರಗಳ ಮನೆಗಳನ್ನು ಎರವಲು ಪಡೆದು, ಅಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದ್ದರು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಬರೀ ಚಿಹ್ನೆ.

ಇದನ್ನು ತಪ್ಪೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಬೇರೆ ದಾರಿ ಇರಲಿಲ್ಲವೆಂದು ನನಗೆ ಗೊತ್ತು. ವಿ.ಎಸ್.ಎನ್.ಎಲ್. ಸಂಸ್ಥೆ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಪವನಜರ ‘ವಿಶ್ವಕನ್ನಡ’ ಜಾಲತಾಣ ಬಂತು. ಜಗತ್ತಿನ ಲಿಪಿಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಕೊಟ್ಟಿದ್ದರು. ಆದರೆ ಅದು ಕಾಗದದ ಮೇಲಿನ ಜಾಗ. ವಿಂಡೋಸ್ ಎಕ್ಸ್‌ಪಿಯ ಜೊತೆ ‘ತುಂಗಾ’ ಫಾಂಟು ಬಂದದ್ದು 2001ರಲ್ಲಿ, ಅದು ಮನೆಮನೆ ಸೇರಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಷ್ಟು ದಿನ ನೀವು ಕಾಯಲಿಲ್ಲ. ಶ್ರೀಲಿಪಿ, ಆಕೃತಿ, ಬರಹ, ನುಡಿ, ಕೈಗೆ ಸಿಕ್ಕಿದ್ದರಲ್ಲಿ ಬರೆದು ಹಾಕಿದಿರಿ. ದೂರದ ಊರುಗಳಲ್ಲಿದ್ದ ಕನ್ನಡಿಗರು ಅದನ್ನೇ ಕಾದು ಕೂತು ಓದಿದರು. ಆ ಋಣ ದೊಡ್ಡದು.

ಓದುವುದೂ ಸುಲಭವಿರಲಿಲ್ಲ. 33.6 ಕಿಲೋಬಿಟ್ಟಿನ ಮೋಡೆಮ್ಮಿನಲ್ಲಿ 100 ಕಿಲೋಬೈಟಿನ ಒಂದು ಚಿತ್ರ ಇಳಿಯಲು, ಫೋನ್ ಲೈನು ಸರಿಯಾಗಿದ್ದರೂ, ಸುಮಾರು 24 ಸೆಕೆಂಡು ಬೇಕಿತ್ತು. ನಾನು ಓದಿದ್ದು ಸೈಬರ್ ಕೆಫೆಯಲ್ಲಿ, ಗಂಟೆಗೆ 30 ರೂಪಾಯಿ ಕೊಟ್ಟು. ಪುಟದ ನೆತ್ತಿಯಲ್ಲೇ ಇಂಗ್ಲಿಷಿನಲ್ಲಿ ಸೂಚನೆ ಇರುತ್ತಿತ್ತು: ಕನ್ನಡ ಕಾಣದಿದ್ದರೆ ಫಾಂಟು ಇಳಿಸಿಕೊಳ್ಳಿ. ಇಳಿಸಿಕೊಂಡರೂ ಕೆಫೆಯ ಹುಡುಗ ಅದನ್ನು ಹಾಕಲು ಬಿಡುತ್ತಿರಲಿಲ್ಲ, ವೈರಸ್ ಬರುತ್ತದೆ ಎನ್ನುತ್ತಿದ್ದ. ಫಾಂಟು ತಾನಾಗಿಯೇ ಇಳಿಯುವ ವ್ಯವಸ್ಥೆ ಇದ್ದ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಸರಿಯಾಗಿ ಕಾಣುತ್ತಿದ್ದವು. ಒಂದು ಮೂಲೆಯ ಕಂಪ್ಯೂಟರಿನಲ್ಲಿ ಅದು ನಡೆಯುತ್ತಿತ್ತು. ಆ ಕುರ್ಚಿ ಖಾಲಿಯಾಗುವವರೆಗೆ ಹೊರಗೆ ನಿಂತಿರುತ್ತಿದ್ದೆ.

ಮೇಷ್ಟ್ರ ಲೇಖನದ ಕಥೆಗೆ ಬರುತ್ತೇನೆ. ನುಡಿಯ ಸಂಕೇತವಾದ್ದರಿಂದ ಆ ಚಿಹ್ನೆಗಳನ್ನು ನಕಲು ಮಾಡಿ ಯೂನಿಕೋಡ್ ಪರಿವರ್ತಕಕ್ಕೆ ಹಾಕಿದೆ. ಒಂದೇ ಕ್ಷಣ. ಸಾಲು ಸಾಲಾಗಿ ಕನ್ನಡ ಮೂಡಿತು. ‘ವರ್ಷ’ ಎಂಬುದು ‘ವಷರ್’ ಆಗಿತ್ತು, ‘ಕರ್ನಾಟಕ’ ‘ಕನಾರ್ಟಕ’ ಆಗಿತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಒತ್ತುತ್ತಿದ್ದೆವು, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಆ ಅದಲುಬದಲು ಮಾಡದಿದ್ದರೆ ಹೀಗಾಗುತ್ತದೆ. ಒಂದೊಂದಾಗಿ ಕೈಯಲ್ಲೇ ತಿದ್ದಿದೆ. ಮೇಷ್ಟ್ರು ತರಗತಿಯಲ್ಲಿ ಸೀಮೆಸುಣ್ಣ ಮುರಿದು ಅರ್ಧವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರೆಂಬ ಸಾಲು ಓದಿದಾಗ ಕಣ್ಣು ತುಂಬಿತು. ಅದನ್ನು ನಾನು ಪೂರ್ತಿ ಮರೆತಿದ್ದೆ.

ಮೇಷ್ಟ್ರೇ ಇನ್ನೊಂದು ತಾಣಕ್ಕೆ ಬರೆದಿದ್ದ ಹತ್ತಾರು ಅಂಕಣಗಳಿಗೆ ಈ ಭಾಗ್ಯವಿಲ್ಲ. ಆ ಪುಟಗಳೂ ಉಳಿದಿವೆ, ಆದರೆ ಫಾಂಟು ಬೇರೆ. ಯಾವ ಗುರುತಿಗೆ ಯಾವ ತುಂಡು ಎಂಬ ಪಟ್ಟಿ ಎಲ್ಲೂ ಸಿಗಲಿಲ್ಲ, ಫಾಂಟಿನ ಕಡತವನ್ನು ವೇಬ್ಯಾಕ್ ಮಷೀನು ಉಳಿಸಿಕೊಂಡಿಲ್ಲ. ಅದರ ಕೊಂಡಿ ಒತ್ತಿದರೆ ಖಾಲಿ ಪುಟ. ಬ್ರೂಸ್ಟರ್ ಕೇಲ್ 1996ರಲ್ಲಿ ಇಂಟರ್ನೆಟ್ ಆರ್ಕೈವ್ ಶುರು ಮಾಡಿದರು, 2001ರಲ್ಲಿ ಅದರ ಪುಟಗಳನ್ನು ಈ ವೇಬ್ಯಾಕ್ ಮಷೀನಿನ ಮೂಲಕ ಎಲ್ಲರಿಗೂ ತೆರೆದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೂತವರು ನಮ್ಮ ಪುಟಗಳನ್ನು ಕಾಪಾಡಿದ್ದಾರೆ. ಆ ಪುಟಗಳಿಗೆ ಅಕ್ಷರ ತುಂಬುವ ಕೆಲಸ ಅವರದ್ದಲ್ಲ, ನಮ್ಮದು.

ಗೂಗಲ್ಲಿನಲ್ಲಿ ಕನ್ನಡದಲ್ಲಿ ಟೈಪಿಸಿ ಹುಡುಕುವವರಿಗೆ ಈ ಬರಹಗಳಲ್ಲಿ ಒಂದೂ ಸಿಗುವುದಿಲ್ಲ. ಹತ್ತು ವರ್ಷಗಳ ಕಥೆ, ವಿಮರ್ಶೆ, ಜಗಳ, ಶ್ರದ್ಧಾಂಜಲಿ ಎಲ್ಲವೂ ಹುಡುಕಾಟಕ್ಕೆ ಸಿಗದ ಹಾಗೆ ಬಿದ್ದಿವೆ. ಇಂದು ಸಂಶೋಧನೆ ಮಾಡುವ ಹುಡುಗಿಗೆ ಕನ್ನಡದ ಇಂಟರ್ನೆಟ್ ಯೂನಿಕೋಡಿನಿಂದಲೇ ಶುರುವಾದಂತೆ ಕಾಣುತ್ತದೆ. 1920ರ ಪತ್ರಿಕೆಯನ್ನು ಗ್ರಂಥಾಲಯದಲ್ಲಿ ಧೂಳು ಕೊಡವಿ ಓದಬಹುದು. 2000ದ ಬರಹವನ್ನು ಓದಲಾಗದೆ ಇರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ನನ್ನ ಕೋರಿಕೆ ದೊಡ್ಡದಲ್ಲ. ನಿಮ್ಮ ಕಚೇರಿಯ ಕಪಾಟಿನಲ್ಲಿ, ಮನೆಯ ಅಟ್ಟದಲ್ಲಿ ಆ ಕಾಲದ ಸಿ.ಡಿ.ಗಳು, ಹಾರ್ಡ್ ಡಿಸ್ಕುಗಳು ಇದ್ದೇ ಇರುತ್ತವೆ. ದಯವಿಟ್ಟು ಗುಜರಿಗೆ ಹಾಕಬೇಡಿ. ಫಾಂಟಿನ ಹೆಸರು, ಆವೃತ್ತಿ ನೆನಪಿದ್ದರೆ ಈಗಲೇ ಒಂದು ಚೀಟಿಯಲ್ಲಿ ಬರೆದಿಡಿ. ನೆನಪಿಲ್ಲದಿದ್ದರೆ, ಆಗ ಪುಟ ಕಟ್ಟುತ್ತಿದ್ದ ಹುಡುಗರು ಬೇರೆ ಬೇರೆ ಕೆಲಸಕ್ಕೆ ಹೋಗಿದ್ದಾರೆ, ಅವರಿಗೊಂದು ಫೋನ್ ಮಾಡಿ ಕೇಳಿ. ಫಾಂಟು ಮಾರುತ್ತಿದ್ದವರೇ ನೀವಾಗಿದ್ದರೆ ಸಂಕೇತಗಳ ಪಟ್ಟಿಯನ್ನು ಪ್ರಕಟಿಸಿ. ಇವತ್ತು ಅದರಿಂದ ನಿಮಗೆ ನಷ್ಟವೇನೂ ಇಲ್ಲ. ಪರಿವರ್ತನೆ ನಿಮ್ಮಿಂದಾಗದಿದ್ದರೆ ಕಡತಗಳನ್ನು ಕೊಡಿ, ಅರ್ಕಾವತ್ತು ತಿದ್ದಲು ನಾನು ಕೂರುತ್ತೇನೆ. ನನ್ನಂಥವರು ಇನ್ನೂ ಹತ್ತು ಜನ ಸಿಗುತ್ತಾರೆ.

ಸಿ.ಡಿ.ಗಳಿಗೂ ಆಯಸ್ಸಿದೆ. ಇದೇ ಭಾನುವಾರ ಅಟ್ಟ ಹತ್ತಿ ನೋಡಿ.

ಇಂತಿ,
ನಿಮ್ಮ ಹಳೆಯ ಓದುಗ