ಡಾಕೆಟ್ ರಾಯರು

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಯುಗಾದಿ ಊಟಕ್ಕೆ ನಾಲ್ಕು ಜನ ಕನ್ನಡಿಗರು ಸೇರಿದರೆ ಅವರಲ್ಲಿ ಒಬ್ಬರು ಡಾಕೆಟ್ ರಾಯರು, ಅಂದರೆ ಪರರ ಕೋರ್ಟು ಕಡತ ಕೆದಕುವವರು. ಸೆರಿಟೋಸ್‌ನಲ್ಲಾದರೆ ಲಾಸ್ ಏಂಜಲೀಸ್ ರಾಯರು, ಮಿರಾ ಮೆಸಾದಲ್ಲಾದರೆ ಸ್ಯಾನ್ ಡಿಯೇಗೊ ರಾಯರು. ಹೋಳಿಗೆಗೆ ತುಪ್ಪ ಬೀಳುವ ಮೊದಲೇ "ಗೊತ್ತಾಯ್ತೇನ್ರೀ, ಅವರ ಮೇಲೆ ಕೇಸ್ ಬಿದ್ದಿದೆ" ಎಂದು ಎಳೆಯುವ ರಾಗ ಮಾತ್ರ ಇಬ್ಬರದೂ ಒಂದೇ. ಊರ ಉಸಾಬರಿ ಇವರಿಗೇಕೆ ಎಂದು ಜನ ನಗುತ್ತಾರೆ. ನಗಲಿ, ಆದರೆ ನಗುವ ಜಾಗ ತಪ್ಪಿದೆ ಎಂಬುದು ನನ್ನ ತಕರಾರು. ಪರರ ಕೇಸು ಓದುವುದರಲ್ಲಿ ರಾಯರ ತಪ್ಪೇನೂ ಇಲ್ಲ. ಅರ್ಧಕ್ಕೇ ಓದು ಮುಗಿಸಿ ಏಳುತ್ತಾರಲ್ಲ, ತಪ್ಪು ಅಲ್ಲಿದೆ.

ಅವರ ಪಾಂಡಿತ್ಯವನ್ನು ಮೆಚ್ಚಲೇಬೇಕು. '23ಎಸ್‌ಟಿಸಿವಿ' ಎಂದು ಶುರುವಾಗುವ ನಂಬರ್ ಕಂಡರೆ ಸಾಕು, ಇದು 2023ರಲ್ಲಿ ಹಿಲ್ ಸ್ಟ್ರೀಟಿನ ಸ್ಟ್ಯಾನ್ಲಿ ಮಾಸ್ಕ್ ಕೋರ್ಟಿಗೆ ಬಂದ ಸಿವಿಲ್ ದಾವೆ ಎಂದು ಜಾತಕ ಓದಿದಂತೆ ಓದುತ್ತಾರೆ. ಸ್ಯಾನ್ ಡಿಯೇಗೊದ ಹಳೆಯ ನಂಬರುಗಳ ತಲೆಯಲ್ಲಿರುವ 37 ಎಂದರೆ ಕೌಂಟಿಗಳ ಅಕ್ಷರಾನುಕ್ರಮದಲ್ಲಿ ಆ ಕೌಂಟಿಯ ಸ್ಥಾನ. 'ಸಿಯು' ಎಂದರೆ ಅನ್‌ಲಿಮಿಟೆಡ್ ಸಿವಿಲ್, 'ಬಿಸಿ' ಎಂದರೆ ಕರಾರುಭಂಗ. ಸಾರು ಬಡಿಸಲು ಬಂದವರಿಗೂ ಈ ಪಾಠ ತಪ್ಪಿದ್ದಲ್ಲ. ಲಾಸ್ ಏಂಜಲೀಸ್ ಸುಪೀರಿಯರ್ ಕೋರ್ಟಿನಲ್ಲಿ ನಂಬರ್ ಗೊತ್ತಿದ್ದರೆ ಪುಕ್ಕಟೆ, ಹೆಸರಿನ ಮೇಲೆ ಹುಡುಕಿದರೆ ಶುಲ್ಕ. ನಮ್ಮವರ ಅಂಗಡಿಗಳಿರುವ ಪಯೊನಿಯರ್ ಬುಲವಾರ್ಡಿನಲ್ಲಿ ಮಾವಿನ ಪೆಟ್ಟಿಗೆಗೆ ಎರಡು ಡಾಲರ್ ಇಳಿಸಿ ಎಂದು ಚೌಕಾಸಿ ಮಾಡುವ ಕೈ ಇಲ್ಲಿ ಧಾರಾಳವಾಗಿ ಕಾರ್ಡು ಎಳೆಯುತ್ತದೆ. ನಮ್ಮ ಹೆಸರುಗಳೋ, ದೇವರಿಗೇ ಪ್ರೀತಿ! ಶ್ರೀನಿವಾಸಮೂರ್ತಿ ಒಂದು ಪದವೋ ಎರಡೋ, 'ಮೂರ್ತಿ'ಯಲ್ಲಿ 'ಎಚ್' ಇದೆಯೋ ಇಲ್ಲವೋ, ಲಾಸ್ಟ್ ನೇಮ್ ಜಾಗದಲ್ಲಿ ಕೂತಿರುವುದು ಅಪ್ಪನ ಹೆಸರೋ ಊರಿನದೋ? ಅಷ್ಟು ತೆತ್ತ ಮೇಲೂ ಸಿಕ್ಕಿದ ಮೂರ್ತಿ ನಮ್ಮ ಮೂರ್ತಿಯೇ ಎಂಬ ಖಾತ್ರಿಯಿಲ್ಲ. ಫೆಡರಲ್ ಕೋರ್ಟಿನ ಕಡತ ಬೇಕಾದರೆ ಪೇಸರ್ ಎಂಬ ಬೇರೆಯೇ ಬಾಗಿಲು: ಪುಟಕ್ಕೆ 10 ಸೆಂಟು, ಮೂರು ತಿಂಗಳ ಲೆಕ್ಕ 30 ಡಾಲರ್ ದಾಟದಿದ್ದರೆ ಮಾಫಿ. ರಾಯರು 29ಕ್ಕೆ ನಿಲ್ಲಿಸುತ್ತಾರೆ. ಏಕಾದಶಿಯಲ್ಲೂ ಅವರಿಗೆ ಅಂಥ ಸಂಯಮ ಇರುವುದಿಲ್ಲ.

ಎಲ್ಲರ ಮನೆ ದೋಸೆಯೂ ತೂತೇ, ಎಣಿಸಲು ಇವರಾರು ಎಂಬ ಆಕ್ಷೇಪ ಇದ್ದೇ ಇದೆ. ಅದಕ್ಕೆ ಹಾಲಿವುಡ್ಡಿನಿಂದಲೇ ಉತ್ತರ ಬಂದಿದೆ. ನಟ ಕ್ಲಿಂಟ್ ಈಸ್ಟ್‌ವುಡ್ ಮೇಲೆ ನಟಿ ಸಾಂಡ್ರಾ ಲಾಕ್ ಹೂಡಿದ್ದ ದಾವೆಯಲ್ಲಿ, ಜ್ಯೂರಿ ಹೊರಗಿದ್ದಾಗ ನಡೆಯುವ ವಿಚಾರಣೆಗೆ ಜಡ್ಜು ಪತ್ರಕರ್ತರನ್ನೂ ಸಾರ್ವಜನಿಕರನ್ನೂ ಬಿಡಲಿಲ್ಲ. ಕೆಎನ್‌ಬಿಸಿ ಟೀವಿ ಮೇಲಿನ ಕೋರ್ಟಿಗೆ ಹೋಯಿತು. ಸಿವಿಲ್ ವಿಚಾರಣೆಯ ಬಾಗಿಲೂ ತೆರೆದೇ ಇರತಕ್ಕದ್ದು, ಮುಚ್ಚಲು ಬಲವಾದ ಕಾರಣ ಬೇಕು ಎಂದು 1999ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಹೇಳಿತು. ಎಲ್ಲಿ ಮರೆ ಬೇಕೋ ಅಲ್ಲಿ ಕಾನೂನೇ ಪರದೆ ಇಳಿಬಿಟ್ಟಿದೆ. ವಿಚ್ಛೇದನದಂಥ ಕೌಟುಂಬಿಕ ಕಡತಗಳನ್ನು ಮನೆಯಲ್ಲಿ ಕೂತು ತೆರೆಯಲಾಗದು, ಕೋರ್ಟಿಗೇ ಹೋಗಬೇಕು. ಬಾಡಿಗೆದಾರರನ್ನು ಎಬ್ಬಿಸುವ ದಾವೆಗಳು ಕನಿಷ್ಠ ಮೊದಲ 60 ದಿನ ಪರರ ಕಣ್ಣಿಗೆ ಬೀಳವು. ಉಳಿದದ್ದನ್ನು ಓದಬಹುದು, ಓದಬೇಕು ಕೂಡ. ಅಡುಗೆಮನೆ ಒಡೆದು ಕಟ್ಟುವ ಕಂಟ್ರಾಕ್ಟರಿಗೆ ಮುಂಗಡ ಕೊಡುವ ಮುನ್ನ ರಾಯರನ್ನು ಗುಟ್ಟಾಗಿ ಕೇಳುವವರೂ ಇದೇ ನಗುವ ಜನ.

ಕೇಸು ಹೇಗೂ ನಡೆಯುತ್ತಿದೆ, ಹಾಕಿಸಿಕೊಂಡವರು ಏನೋ ಮಾಡಿರಲೇಬೇಕು ಎನ್ನುವವರಿದ್ದಾರೆ. ರಾಯರು ಜಾರುವುದೂ ಇಲ್ಲೇ. ಕಂಪ್ಲೇಂಟ್ ಎನ್ನುವುದು ಒಂದು ಪಕ್ಷದ ಮಾತು, ಅದನ್ನು ಒಪ್ಪಿ ಜಡ್ಜು ಸಹಿ ಹಾಕಿರುವುದಿಲ್ಲ. ಸಮನ್ಸ್ ಕೈಗೆ ಬಂದ ಮೇಲೆ ಪ್ರತಿವಾದಿಗೆ ಉತ್ತರಿಸಲು 30 ದಿನ. ಅದರೊಂದಿಗೆ ಕ್ರಾಸ್ ಕಂಪ್ಲೇಂಟ್ ಬಿದ್ದರೆ ದೂರಿದವರೇ ಆರೋಪ ಹೊತ್ತು ನಿಲ್ಲುತ್ತಾರೆ. ಇದೆಲ್ಲ ತಾರೀಖಿನ ಸಮೇತ 'ರಿಜಿಸ್ಟರ್ ಆಫ್ ಆ್ಯಕ್ಷನ್ಸ್'ನಲ್ಲಿ ಒಂದರ ಕೆಳಗೊಂದು ದಾಖಲಾಗುತ್ತಾ ಹೋಗುತ್ತದೆ. ರಾಯರ ಬೆರಳು ಮಾತ್ರ ಮೊದಲ ಸಾಲು ದಾಟುವುದಿಲ್ಲ. ಮತ್ತೆ ಹೂಡಲಾಗದಂತೆ ದಾವೆ ವಜಾ ಆಗಿದ್ದರೂ ಆ ಸುದ್ದಿ ಯಾವ ಪಂಕ್ತಿಗೂ ಬರುವುದಿಲ್ಲ, ಅದರಲ್ಲಿ ಖಾರವಿಲ್ಲವಲ್ಲ! ದೀಪಾವಳಿಗೆ ಅವರು ಸಿಕ್ಕರೆ, ಯುಗಾದಿಯಲ್ಲಿ ಹೇಳಿದ ಕೇಸಿನ ಕೊನೆಯ ಸಾಲು ಏನಿದೆ ಎಂದು ಕೇಳಿ ನೋಡಿ. ನಂಬರ್ ಅವರಿಗೆ ಬಾಯಿಪಾಠವಿದೆ, ನಂಬರ್ ಹಾಕಿ ನೋಡುವುದಕ್ಕೆ ಲಾಸ್ ಏಂಜಲೀಸಿನಲ್ಲೂ ದುಡ್ಡಿಲ್ಲ.