ತಾರಸಿಯ ವಿಶ್ವಕರ್ಮ

ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ಇದ್ದುಕೊಂಡು ತಾರಸಿಯ ಮೇಲೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸ್ವಂತ ಸಿಎನ್‌ಸಿ ಯಂತ್ರ ಕಟ್ಟುವುದೆಂದರೆ, ಮದ್ದೂರಿನಲ್ಲಿ ಮನೆ ಮಾಡಿಕೊಂಡು ವಡೆ ಕಲಿಯಲು ಪುಸ್ತಕ ತರಿಸಿದ ಹಾಗೆ. ನಮ್ಮ ಕೆಳಗಿನ ಶೆಡ್ಡಿನಲ್ಲೇ ವಿಎಂಸಿ ಎಂಬ ದೊಡ್ಡ ಸಿಎನ್‌ಸಿ ಯಂತ್ರಗಳು ಎರಡಿವೆ. ಎದುರು ಸಾಲಿಗೆ ಲೇತು, ಮೂಲೆಗೆ ಗ್ರೈಂಡಿಂಗು, ಅದರಾಚೆ ಪೌಡರ್ ಕೋಟಿಂಗು. ಮೈಕ್ರಾನ್ ಲೆಕ್ಕದಲ್ಲಿ ಕಬ್ಬಿಣ ಕೊರೆಯುವ ಈ ಜನರ ನೆತ್ತಿಯ ಮೇಲೆ ಕೂತು, ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದ ನಾನು ಮರ ಕೊರೆಯಲು ಹೊರಟೆ. ಬೇಕಿದ್ದುದು ಒಂದೇ ಒಂದು ನಾಮಫಲಕ. ಕುಣಿಗಲ್ ಕಡೆಯ ಹಳೇ ಮನೆ ಕೆಡವಿದಾಗ ನನ್ನ ಪಾಲಿಗೆ ಬಂದದ್ದು ಬಾಗಿಲಿನ ಒಂದು ಹಲಸಿನ ಹಲಗೆ. ಅದರ ಮೇಲೆ ‘ಶ್ರೀ ನಿಲಯ’ ಎಂದು ಕೆತ್ತಿಸಬೇಕಿತ್ತು.

“ಯಾರಿಗಾದ್ರೂ ಕೊಟ್ರೆ ಸಂಜೆಗೆ ಮಾಡಿಕೊಡ್ತಾರಲ್ರೀ” ಎಂದಳು ನಮ್ಮವಳು. ಇಂಥ ಮಾತಿಗೆ ಇತಿಹಾಸವೇ ಉತ್ತರ. 1952ರಲ್ಲಿ ಅಮೆರಿಕದ ಎಂಐಟಿಯವರು ಅಂಕಿಗಳ ಅಪ್ಪಣೆಯಂತೆ ನಡೆಯುವ ಮೊದಲ ಮಿಲ್ಲಿಂಗ್ ಯಂತ್ರ ತೋರಿಸಿದರು. ಮರುವರ್ಷ ಇಲ್ಲೇ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತು. ಅವರೆಲ್ಲ ಸಂಜೆಗೆ ಯಾರಿಗಾದರೂ ಕೊಟ್ಟು ಸುಮ್ಮನಾಗಿದ್ದರೆ? ಅವಳು ಕುಕ್ಕರಿನ ಸೀಟಿ ಎಣಿಸಲು ಒಳಗೆ ಹೋದಳು.

ಮೊದಲ ಆವೃತ್ತಿಯ ಚೌಕಟ್ಟು ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನದು. ಜೂನ್ ಮಳೆಗೆ ಪೂರಿಯಂತೆ ಉಬ್ಬಿತು. ಎರಡನೆಯದಕ್ಕೆ ಅಲ್ಯೂಮಿನಿಯಂ ಪ್ರೊಫೈಲು. ಎಸ್‌ಪಿ ರೋಡಿಗೆ ಬಿಡಿಭಾಗಕ್ಕೆಂದು ಎಷ್ಟು ಸಲ ಹೋದೆನೆಂದರೆ, ಅಂಗಡಿಯ ಹುಡುಗ ನನ್ನನ್ನು ಕಂಡ ಕೂಡಲೇ ಕಪ್ಲಿಂಗ್ ಡಬ್ಬಿ ತೆಗೆಯುತ್ತಿದ್ದ. ಮೂರನೆಯ ಆವೃತ್ತಿಯಲ್ಲಿ ಮಾಮೂಲಿ ಲೀಡ್ ಸ್ಕ್ರೂ ತೆಗೆದು ಬಾಲ್ ಸ್ಕ್ರೂ ಹಾಕಿದೆ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ, ಡ್ರೈವರು ಒಂದೊಂದನ್ನೂ ಎಂಟು ಚೂರು ಮಾಡಿ 1600. ಹಳೇ ಸ್ಕ್ರೂ ಸುತ್ತಿಗೆ 8 ಮಿ.ಮೀ. ಸಾಗುತ್ತಿತ್ತು, ಅಂದರೆ ಮಿಲಿಮೀಟರಿಗೆ 200 ಹೆಜ್ಜೆ. ಹೊಸದು ಸಾಗುವುದು 5 ಮಿ.ಮೀ., ಅದಕ್ಕೆ 320 ಬೇಕು. ಸ್ಕ್ರೂ ಬದಲಿಸಿದೆ, ಅಂಕಿ ಬದಲಿಸಲಿಲ್ಲ. 160 ಮಿ.ಮೀ. ಚೌಕ ಕೇಳಿದರೆ ಯಂತ್ರ 100 ಕೊಟ್ಟಿತು. ಕ್ಯಾಷಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಎಂಟರವರೆಗೆ ಹುಡುಕುತ್ತಿದ್ದವನು ನಾನು. ಎರಡು ದಿನ ಸ್ಕೇಲನ್ನೇ ಅನುಮಾನಿಸಿದೆ.

ಯೂಟ್ಯೂಬಿನಲ್ಲಿ ಇದನ್ನೆಲ್ಲ ಕಲಿಸುವವರ ಮೇಲೆ ನನಗೆ ಸಿಟ್ಟಿದೆ. ಅವರ ಗ್ಯಾರೇಜುಗಳು ನಮ್ಮ ಕಲ್ಯಾಣ ಮಂಟಪಗಳಷ್ಟು ದೊಡ್ಡವು. ಅಲ್ಲಿ ಕರೆಂಟು ಹೋಗುವುದಿಲ್ಲ, ಪಕ್ಕದಲ್ಲಿ ಸಂಡಿಗೆ ಒಣಗುವುದಿಲ್ಲ. ನಮ್ಮಲ್ಲಿ ಹಲಸಿನ ಹೊಟ್ಟು ಸಂಡಿಗೆಯ ಮೇಲೆ ಕೂತು, ನೆಂಟರೊಬ್ಬರು ಅರಿಸಿನ ಜಾಸ್ತಿಯಾಯಿತು ಎಂದರು.

ಕೆಳಗಿನ ಶೆಡ್ಡಿನ ಆಪರೇಟರು ಆಗಾಗ ಟೀ ಹೊತ್ತಿಗೆ ಮೇಲೆ ಬರುತ್ತಿದ್ದ. ಒಂದು ದಿನ ಯಂತ್ರದ ಸುತ್ತ ಪ್ರದಕ್ಷಿಣೆ ಹಾಕಿ, “ಸ್ಟಾಪ್ ಬಟನ್ ಎಲ್ಲಿ ಸಾರ್?” ಎಂದ. ಪ್ಲಗ್ ಕಿತ್ತರಾಯಿತು, ಇದೇನು ಪೀಣ್ಯದ ಫ್ಯಾಕ್ಟರಿಯೇ ಎಂದು ನಕ್ಕೆ. ಅವನು ನಗದೆ ಬಲಗೈ ಎತ್ತಿ ತೋರಿಸಿದ. ತೋರುಬೆರಳು ಎರಡನೇ ಗೆಣ್ಣಿಗೇ ಮುಗಿದಿತ್ತು. “ಪವರ್ ಪ್ರೆಸ್ಸು ಸಾರ್. ಆಗ ಹತ್ತೊಂಬತ್ತು ನನಗೆ. ಅಲ್ಲೂ ಪ್ಲಗ್ ಇತ್ತು.” ಟೀ ಕುಡಿದು ಇಳಿದು ಹೋದ. ನಾಲ್ಕು ವರ್ಷದಿಂದ ದಿನಾ ಅವನಿಗೆ ನಮಸ್ಕಾರ ಹೇಳುತ್ತಿದ್ದೆ. ಆ ಕೈಯನ್ನು ನೋಡಿರಲಿಲ್ಲ. ಮರುದಿನವೇ ಅಣಬೆಯಂಥ ಕೆಂಪು ಗುಂಡಿ ತಂದು ಹಾಕಿದೆ.

ಶುಭದಿನ ಬಂತು. ಹಲಸಿನ ಹಲಗೆಗೆ ಕ್ಲಾಂಪ್ ಬಿಗಿದು, ಮೂಲೆಗೆ ಕುಂಕುಮ ಇಟ್ಟು, ಸ್ಟಾರ್ಟ್ ಒತ್ತಿದೆ. ಬಿಸಿಲಿಗೆ ಲ್ಯಾಪ್‌ಟಾಪಿನ ಪರದೆ ಕಾಣುತ್ತಿರಲಿಲ್ಲ. ಕಂಡು ಆಗಬೇಕಾದ್ದಾದರೂ ಏನು, ಯಂತ್ರಕ್ಕೆ ಗೊತ್ತಲ್ಲ. ಟೂಲು ಇಳಿದು, ಮೇಲುಗಡೆ ಪುಟ್ಟದಾಗಿ ಏನನ್ನೋ ಕೊರೆಯಿತು. ಇಂಗ್ಲಿಷಿನ ಎರಡರ ಅಂಕಿಯಂತಿತ್ತು. ‘ಶ್ರೀ’ಯ ತಲೆಕಟ್ಟನ್ನು ಮೊದಲು ಮಾಡುತ್ತಿದೆ, ಎಂಥ ಜಾಣ ಎಂದುಕೊಂಡೆ. ಆಮೇಲೆ ಇಂಗ್ಲಿಷಿನ ಎ ಮತ್ತು ಇ ಬೆನ್ನಿಗೆ ಬೆನ್ನು ಅಂಟಿಸಿಕೊಂಡು ಹುಟ್ಟಿದವು. ರ ಒತ್ತು ಇರಬೇಕು. ತಲೆಯ ಮೇಲೆ ಹಾವು ಹೊತ್ತ ದೊಡ್ಡ ಎ ಬಂದಾಗ ಎದೆ ಸ್ವಲ್ಪ ಹೊಡೆದುಕೊಂಡಿತು. ದೀರ್ಘ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ನಾಲ್ಕು ಕೊಂಬಿನ ಒಂದು ಉಂಗುರ ಮೂಡಿತು. ಅದನ್ನು ‘ನಿ’ ಎಂದು ಒಪ್ಪಿಕೊಳ್ಳಲು ವೇದಾಂತ ಬೇಕಿತ್ತು. ಅಷ್ಟರಲ್ಲಿ ವೃತ್ತವೊಂದು ಬಂತು, ಅದರೊಳಗೆ ಇಂಗ್ಲಿಷಿನ ಆರ್.

ಕಾಫಿ ಹಿಡಿದು ಬಂದವಳು ಬಗ್ಗಿ ನೋಡಿದಳು. “ಏನ್ರೀ, ನಮ್ಮನೆಗೆ ಟ್ರೇಡ್‌ಮಾರ್ಕ್ ಯಾವಾಗ ತಗೊಂಡ್ರಿ?”

ಆಗ ಹೊಳೆಯಿತು. ಹಳೇ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದೆ. ಅದರಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳ ಮನೆಯಲ್ಲಿ ಬಾಡಿಗೆಗೆ ಇರುತ್ತವೆ. ತಾರಸಿಯ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ, ಬಾಡಿಗೆದಾರರು ಖಾಲಿ ಮಾಡಿದರು, ಮನೆ ಮಾಲೀಕರೇ ಹೊರಗೆ ಬಂದು ನಿಂತರು. ಸರ್ಕಾರಿ ಜಾಲತಾಣಗಳಲ್ಲಿ ಇದೇ ಪಿಶಾಚಿಯನ್ನು ಎಷ್ಟು ಸಲ ನೋಡಿ ನಕ್ಕಿದ್ದೆ.

ಕೆಂಪು ಗುಂಡಿ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಆದರೆ ನಿಜ ಹೇಳುತ್ತೇನೆ, ಮೂರು ಆವೃತ್ತಿಗಳಲ್ಲಿ ಮೊದಲ ಸಲ ಯಂತ್ರ ಒಂದು ಹೆಜ್ಜೆಯನ್ನೂ ತಪ್ಪದೆ ಓಡುತ್ತಿತ್ತು. ಅಂಚು ಸೀಳಿರಲಿಲ್ಲ, ಉಂಗುರ ಉಂಗುರವಾಗಿಯೇ ಇತ್ತು. ನಾನು ಒತ್ತಲಿಲ್ಲ. ಇನ್ನು ಉಳಿದದ್ದು ‘ಯ’ ಒಂದೇ. ಅದಕ್ಕೆ ಯಂತ್ರ ಇಂಗ್ಲಿಷಿನ ನಾಲ್ಕು ಅಕ್ಷರ ಕೊರೆಯಿತು, ಕೊನೆಯದಕ್ಕೆ ಎರಡು ಚುಕ್ಕಿ ಸಮೇತ. ಇಬ್ಬರೂ ಕಾಫಿ ಕುಡಿಯುತ್ತ ಪೂರ್ತಿ ನೋಡಿದೆವು.

ಸಂಜೆ ಆಪರೇಟರು ಬಂದ. ಅಕ್ಷರಗಳ ತಳದಲ್ಲಿ ಅರ್ಧ ಬೆರಳನ್ನು ನಿಧಾನವಾಗಿ ಆಡಿಸಿದ. “ಇದು ಯಾವ ಭಾಷೆ ಅಂತ ಗೊತ್ತಿಲ್ಲ ಸಾರ್. ಡೆಪ್ತ್ ಮಾತ್ರ ಎಲ್ಲೂ ಹೆಚ್ಚುಕಮ್ಮಿ ಇಲ್ಲ.”

ಹಲಗೆ ತಿರುಗಿಸಿ, ಯೂನಿಕೋಡ್‌ನಲ್ಲಿ ಮತ್ತೆ ಟೈಪು ಮಾಡಿ, ಇನ್ನೊಂದು ಮಗ್ಗುಲಲ್ಲಿ ಸರಿಯಾಗಿ ಕೆತ್ತಿದ್ದೇನೆ. ಗೇಟಿನ ಮೇಲೆ ಎರಡು ಸರಪಳಿಯಲ್ಲಿ ತೂಗುತ್ತಿದೆ. ಆಷಾಢದ ಗಾಳಿಗೆ ಒಮ್ಮೊಮ್ಮೆ ಮಗ್ಗುಲು ಬದಲಿಸುತ್ತದೆ. ಅಂಥ ದಿನ ಕೊರಿಯರ್ ಹುಡುಗ ಗೇಟಿನಲ್ಲೇ ನಿಂತು ಫೋನು ಮಾಡುತ್ತಾನೆ. “ಸಾರ್, ಶ್ರೀ ನಿಲಯ ಎಲ್ಲಿ ಬರುತ್ತೆ? ನಾನಿಲ್ಲಿ ಯಾವುದೋ ಫಾರಿನ್ ಕಂಪನಿ ಮುಂದೆ ನಿಂತಿದ್ದೀನಿ.”